ಸವೆಯದ ಮಧ್ಯಮ

ಸೋಮವಾರ, ಮಧ್ಯಾಹ್ನ
ರಿಪೇರಿ ಕೋಣೆಯಿಂದ

ಅಮ್ಮಾ,

ಕ್ಷೇಮ ಸಮಾಚಾರವನ್ನು ಈ ಸಲ ಕೊನೆಗೆ ಬರೆಯುತ್ತೇನೆ. ಮೊದಲು ನಿನ್ನ ವೀಣೆಯ ಮಾತು, ಆಮೇಲೆ ನಿನ್ನ ಮಾತು. ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡು ನಿಮಿಷಕ್ಕೆ "ಇರು, ಚಿಕ್ಕಮ್ಮನಿಗೆ ಕೊಡ್ತೀನಿ" ಅನ್ನುತ್ತೀಯ. ಚಿಕ್ಕಮ್ಮ ಪಕ್ಕದ ಮನೆಯ ಬೆಕ್ಕಿನಿಂದ ಶುರುಮಾಡಿ ನಲ್ಲಿ ನೀರಿನವರೆಗೆ ಬರುತ್ತಾಳೆ. ಕಾಗದವನ್ನು ಹಾಗೆ ಇನ್ನೊಬ್ಬರ ಕೈಗೆ ದಾಟಿಸಲು ಬರುವುದಿಲ್ಲ. ನೀನೇ ಓದಬೇಕು.

ವೀಣೆ ಶನಿವಾರ ಹನ್ನೊಂದೂವರೆಗೆ ಬಂತು. ಪಾರ್ಸಲ್ ವ್ಯಾನಿನವನು ಮೂರನೇ ಮೆಟ್ಟಿಲಲ್ಲಿ ನಿಂತು "ಏನಕ್ಕಾ ಇದು, ಒಳ್ಳೆ ಮನುಷ್ಯನನ್ನ ಮಲಗಿಸಿದ ಹಾಗಿದೆ" ಎಂದು ಗೊಣಗುತ್ತಲೇ ಮೇಲೆ ತಂದ. ಎಲ್ಲೂ ಪೆಟ್ಟಾಗಿಲ್ಲ. ಕೊಡ, ದಂಡಿ, ಬುರುಡೆ ಮೂರೂ ಸರಿಯಾಗಿವೆ. ತಂತಿ ಬಿಗಿಯುವ ಬಿರಡೆಗಳಲ್ಲಿ ಎರಡು ಜಾರುತ್ತವೆ, ಬಿಗಿ ಮಾಡುತ್ತೇನೆ. ಮೇಣ ಒಣಗಿ ಬಿರುಕು ಬಿಟ್ಟಿದೆ. ಅದರಲ್ಲಿ ಕೂತ ಇಪ್ಪತ್ತನಾಲ್ಕು ಕಂಚಿನ ಮೆಟ್ಟಿಲನ್ನೂ ಕಿತ್ತು, ಹೊಸ ಮೇಣ ಹಾಕಿ, ಒಂದೊಂದನ್ನೂ ಕೇಳಿ ಕೂರಿಸಬೇಕು. ಅಲ್ಲಿಗೆ ವೀಣೆಯ ಮಾತು ಮುಗಿಯಿತು.

ಇನ್ನು ನಿನ್ನದು.

ಮೊದಲ ಸಂಗತಿ. ಕಂದು ಕಂಬಳಿ ಅದೇ, ಹಗ್ಗ ಅದಲ್ಲ. ನೀನು ವೀಣೆ ಕಟ್ಟುವಾಗ ಎರಡು ಸುತ್ತು ತಂದು ಹಾಕುವ ಗಂಟನ್ನು ಅಪ್ಪ ಸಹ ಬಿಚ್ಚಲಾರದೆ ಕತ್ತರಿ ಹುಡುಕುತ್ತಿದ್ದರು. ಈ ಸಲ ಗಂಟೇ ಇಲ್ಲ. ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿಯನ್ನು ಆರು ಕಡೆ ನೀಟಾಗಿ ಸುತ್ತಲಾಗಿದೆ. ಅಂಥ ಪಟ್ಟಿ ಸುರುಳಿಗಟ್ಟಲೆ ಇರುವುದು ನಿನ್ನ ಬಳಗದಲ್ಲಿ ಒಬ್ಬರ ಹತ್ತಿರ ಮಾತ್ರ. ಹಲ್ಲಿನ ಡಾಕ್ಟರು. ನಿನ್ನ ಹೊಸ ಶಿಷ್ಯೆ. ಮಗಳು ಮುಟ್ಟಿದರೂ "ಮೇಣದ ಕೈ, ತೊಳ್ಕೊಂಡು ಬಾ" ಅನ್ನುತ್ತಿದ್ದವಳು ಅವರ ಕೈಗೆ ವೀಣೆಯನ್ನು ಕೊಟ್ಟು ಕಟ್ಟಿಸಿದ್ದೀಯ.

ಎರಡನೆಯದು ಚೀಟಿ. ಅಕ್ಷರ ನಿನ್ನದೇ. "ಮಧ್ಯಮವೂ ನಿಷಾದವೂ ಈ ಸಲವಾದರೂ ಸರಿಯಾಗಿ ಕೂರಲಿ. ನನಗಾಗಿ ಅಲ್ಲ." ಇಷ್ಟೇ. ನನ್ನ ಮಧ್ಯಮ ಒಂದು ಕೂದಲೆಳೆ ತಗ್ಗು ಎಂಬ ದೂರು ನನಗೆ ಹೊಸದಲ್ಲ. ಅಪ್ಪ ಇದ್ದಾಗಿನಿಂದ ಕೇಳುತ್ತಿದ್ದೇನೆ, ಗಿರಾಕಿಗಳೂ ಹೇಳುತ್ತಾರೆ, ಒಪ್ಪಿಕೊಂಡು ತಿದ್ದಿ ಕೊಡುತ್ತೇನೆ. ನಾನು ನಿಂತದ್ದು ಕೊನೆಯ ಮಾತಿನ ಮೇಲೆ. ನಿನಗಾಗಿ ಅಲ್ಲದಿದ್ದರೆ ಯಾರಿಗಾಗಿ?

ಮೂರನೆಯದು ಮೆಟ್ಟಿಲುಗಳು. ನೀನು ನುಡಿಸುವವಳು, ಮೆಟ್ಟಿಲ ಮೇಲಿನ ಲೋಕ ನಿನ್ನದು. ಮೆಟ್ಟಿಲು ಏನು ಹೇಳುತ್ತದೆ ಎಂಬುದು ಅಪ್ಪನ ವಿದ್ಯೆ, ಈಗ ನನ್ನದು. ಆದ್ದರಿಂದ ಬಿಡಿಸಿ ಬರೆಯುತ್ತೇನೆ.

ಉಕ್ಕಿನ ತಂತಿ ಕಂಚಿನ ಮೇಲೆ ಒತ್ತಿದ ಕಡೆ ಗೆರೆ ಬೀಳುತ್ತದೆ. ಹೆಚ್ಚು ಒತ್ತಿದ ಕಡೆ ಆಳವಾದ ಗೆರೆ, ಮುಟ್ಟದ ಕಡೆ ಹೊಳಪು. ಎರಡು ವರ್ಷದ ಹಿಂದೆ ಇದೇ ವೀಣೆಗೆ ಇಪ್ಪತ್ತನಾಲ್ಕೂ ಹೊಸ ಮೆಟ್ಟಿಲು ಹಾಕಿ ಕಳಿಸಿದವಳು ನಾನು. "ಎಳೆಯುವಾಗ ತಂತಿ ಹಿಡೀತಿದೆ, ಮೆಟ್ಟಿಲು ಸರಿಯಿಲ್ಲ" ಎಂದು ನೀನು ಹಟ ಹಿಡಿದಿದ್ದೆ. ಹಳೆಯವು ಇನ್ನೂ ಐದು ವರ್ಷ ಬಾಳುತ್ತಿದ್ದವು, ನನ್ನ ಕೆಲಸವನ್ನೇ ದೂರುತ್ತಿದ್ದಾಳೆ ಎಂದು ನೊಂದುಕೊಂಡೇ ಬದಲಾಯಿಸಿದೆ. ಇರಲಿ. ಆದ್ದರಿಂದ ಈಗ ಅವುಗಳ ಮೇಲಿರುವ ಪ್ರತಿ ಗೆರೆಯೂ ಈ ಎರಡು ವರ್ಷದ್ದು.

ಈ ಎರಡು ವರ್ಷ ನೀನು ನನಗೆ ಹೇಳುತ್ತಾ ಬಂದದ್ದು ಒಂದೇ ಮಾತು: "ನಾನೆಲ್ಲಿ ನುಡಿಸ್ತೀನೇ, ಮಕ್ಕಳಿಗೆ ಸರಳೆ ಹೇಳಿಕೊಡೋದಷ್ಟೇ." ಸರಳೆ ಎಂದರೆ ಮಾಯಾಮಾಳವಗೌಳ ರಾಗ. ಅದಕ್ಕೆ ಏಳು ಸ್ವರವೂ ಬೇಕು. ಅಂದರೆ ಒಂದು, ನಾಲ್ಕು, ಐದು, ಏಳು, ಎಂಟು, ಹನ್ನೊಂದು, ಹನ್ನೆರಡನೆಯ ಮೆಟ್ಟಿಲುಗಳು ಸಮಸಮವಾಗಿ ಸವೆದಿರಬೇಕು. ಅಪ್ಪನ ಭೂತಗನ್ನಡಿ ಹಿಡಿದು ನೋಡಿದೆ. ರಿಷಭದ ಒಂದು ಸವೆದಿದೆ. ಗಾಂಧಾರದ ನಾಲ್ಕು ಎಲ್ಲಕ್ಕಿಂತ ಹೆಚ್ಚು ಸವೆದಿದೆ. ಪಂಚಮದ ಏಳು, ಧೈವತದ ಎಂಟು, ಮೇಲಿನ ಷಡ್ಜದ ಹನ್ನೆರಡೂ ಸವೆದಿವೆ. ಮಧ್ಯಮದ ಐದನೆಯದರಲ್ಲಿ ಮುಖ ನೋಡಿಕೊಳ್ಳಬಹುದು. ನಿಷಾದದ ಹನ್ನೊಂದನೆಯದೂ ಹಾಗೆಯೇ, ನಾನು ಉಜ್ಜಿ ಕಳಿಸಿದ ದಿನದ ಹೊಳಪು.

ಸ ರಿ ಗ ಪ ದ. ಮಧ್ಯಮ ಇಲ್ಲ, ನಿಷಾದ ಇಲ್ಲ.

ಇದೇ ಐದು ಸ್ವರದಲ್ಲಿ ಏರುವ ಬೌಳಿ ರಾಗ ಇರಬಹುದೇ ಎಂದೂ ಯೋಚಿಸಿದೆ. ಯಾರ ಮೇಲೂ ಸುಮ್ಮನೆ ಅಪವಾದ ಹೊರಿಸಬಾರದು. ಬೌಳಿಗೆ ಇಳಿಯುವಾಗ ನಿಷಾದ ಬೇಕು. ನಿನ್ನಂಥವಳು ಹನ್ನೊಂದನೇ ಮೆಟ್ಟಿಲಿಗೆ ಹೋಗದೆ ಧೈವತದಲ್ಲೇ ತಂತಿಯನ್ನು ಪಕ್ಕಕ್ಕೆ ಎಳೆದು ನಿಷಾದ ತರಬಲ್ಲಳು. ಆದರೆ ಎಳೆದ ತಂತಿ ಕಂಚಿನ ಮೇಲೆ ಬೀಸಣಿಗೆ ಬಿಡಿಸಿದ ಹಾಗೆ ಅಗಲವಾದ ಗುರುತು ಬಿಡುತ್ತದೆ. ಎಂಟನೆಯದನ್ನು ಬೆಳಕಿಗೆ ಹಿಡಿದು ನೋಡಿದೆ. ಬೀಸಣಿಗೆ ಇಲ್ಲ, ಒಂದೇ ಗೆರೆ. ಆದ್ದರಿಂದ ಬೌಳಿ ಅಲ್ಲ.

ರೇವಗುಪ್ತಿ.

ನನಗೆ ಹದಿನಾರು ವರ್ಷವಾಗಿದ್ದಾಗ ಒಂದು ಬೆಳಗ್ಗೆ ನಡುಮನೆಯ ಬಾಗಿಲ ಹಿಂದೆ ನಿಂತು ಅದನ್ನು ಕೇಳಿದ್ದೆ. ನನ್ನನ್ನು ಕಂಡ ಕೂಡಲೇ ನೀನು ತಂತಿಯ ಮೇಲೆ ಕೈ ಇಟ್ಟು ನಿಲ್ಲಿಸಿಬಿಟ್ಟೆ. ಯಾವ ರಾಗ ಎಂದರೆ ಹೆಸರು ಮಾತ್ರ ಹೇಳಿದೆ. ಹೇಳಿಕೊಡು ಎಂದರೆ, "ಇದರಲ್ಲಿ ಖಾಲಿ ಜಾಗ ಬಿಡೋಕೆ ಬರಬೇಕು. ಹದಿನಾರಕ್ಕೆ ಯಾರಿಗೆ ಬರುತ್ತೆ? ನಿನ್ನ ಕೈ ಹಣ್ಣಾಗ್ಲಿ, ಈ ಕೃತಿ ನಿನಗೇ ಇಟ್ಟಿರ್ತೀನಿ" ಅಂದೆ. ನಿನ್ನ ಗುರು ನಿನ್ನೊಬ್ಬಳಿಗೇ ಕೊಟ್ಟ ಕೃತಿ, ಬೇರೆ ಯಾರಿಗೂ ಗೊತ್ತಿಲ್ಲ ಎಂದೂ ಹೇಳಿದೆ. ಆ ವರ್ಷವೇ ನನ್ನನ್ನು ಅಪ್ಪನ ಈ ರಿಪೇರಿ ಕೋಣೆಗೆ ಕಳಿಸಿದೆ. ಇವಳ ಕಿವಿ ಮರಕ್ಕೆ ಸರಿ, ಕೈ ತಂತಿಗೆ ಸಾಲದು ಎಂದು ಅಪ್ಪನ ಹತ್ತಿರ ಹೇಳಿದ್ದೂ ನನಗೆ ಕೇಳಿಸಿತು. ಅಂದಿನಿಂದ ನಾನು ಒಂದು ಸಾಲು ಸಹ ನುಡಿಸಿಲ್ಲ, ನಿನಗೇ ಗೊತ್ತು. ನಾನು ನಿನ್ನಲ್ಲಿ ಬೇಡಿದ್ದು ಆ ಒಂದನ್ನು ಮಾತ್ರ. ಕೈ ಹಣ್ಣಾಗಲಿ ಎಂದು ಇಪ್ಪತ್ತೈದು ವರ್ಷ ಕಾದಿದ್ದೇನೆ. ಈಗ ನಲವತ್ತೊಂದು, ಇನ್ನೂ ಹಣ್ಣಾಗಬೇಕೆಂದರೆ ಕೊಳೆಯುತ್ತದೆ.

ಈಗ ನೀನೇ ಕೂಡಿಸಿ ನೋಡು. ಎರಡು ವರ್ಷ ದಿನವೂ ಗಂಟೆಗಟ್ಟಲೆ ರೇವಗುಪ್ತಿ. ನನ್ನ ಹತ್ತಿರ ಸರಳೆ ಎಂಬ ಸುಳ್ಳು. ವೀಣೆ ಕಟ್ಟುವಷ್ಟು ಹತ್ತಿರವಾದ ಒಬ್ಬ ಶಿಷ್ಯೆ. "ನನಗಾಗಿ ಅಲ್ಲ" ಎಂಬ ಚೀಟಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಮಧ್ಯಾಹ್ನ ಊಟದ ಹೊತ್ತಿಗೆ ಹಲ್ಲಿನ ಡಾಕ್ಟರಿಗೇ ಫೋನು ಮಾಡಿದೆ. ವೀಣೆ ತಲುಪಿತು ಎನ್ನುವ ನೆಪ. ಅಮ್ಮ ಈಚೆಗೆ ಯಾವ ರಾಗ ಹೇಳಿಕೊಡುತ್ತಿದ್ದಾರೆ ಎಂದು ಮೆಲ್ಲಗೆ ಕೇಳಿದೆ. ಹಿಂದೆ ಅವರ ಜೊತೆಗಾರರು ಯಾರದೋ ಹಲ್ಲು ಕೊರೆಯುವ ಸದ್ದು ಕೇಳುತ್ತಿತ್ತು. ಆಕೆ, "ಅದನ್ನ ಅಮ್ಮನ್ನೇ ಕೇಳಿದ್ರೆ ಒಳ್ಳೇದು. ನಾನು ಮಾತು ಕೊಟ್ಟಿದ್ದೀನಿ" ಅಂದರು. ಮಾತು ಕೊಡುವಂಥದ್ದು ಏನಿದೆ ಎಂದು ಕೇಳುವಷ್ಟರಲ್ಲಿ, ಪೇಷಂಟು ಬಾಯಿ ತೆರೆದು ಕೂತಿದ್ದಾರೆ ಎಂದು ಇಟ್ಟುಬಿಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಮಂಗಳವಾರ, ಒಂದೂವರೆ ಗಂಟೆ

ನಿನ್ನೆ ಬರೆದದ್ದನ್ನು ಇನ್ನೂ ಅಂಚೆಗೆ ಹಾಕಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಿನ್ನ ಅಳಿಯನಿಗೆ ಎಲ್ಲ ಹೇಳಿದೆ. "ಐದು ಸ್ವರಕ್ಕೆ ಇಷ್ಟು ರಾದ್ಧಾಂತವಾದ್ರೆ, ಏಳೂ ಇದ್ದಿದ್ರೆ ಪೊಲೀಸ್ ಕರೆಸ್ತಿದ್ಯೇನೋ" ಅಂದರು. ಅವರು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವರು. ಬಾಗಿಲು ಹಾಕಿಕೊಳ್ಳುವಾಗ ಮಾತ್ರ, "ಉತ್ತರ ಮೊದಲೇ ಬರ್ಕೊಂಡು ಲೆಕ್ಕ ಮಾಡ್ಬೇಡ" ಎಂದು ಒಂದು ಮಾತು ಹೇಳಿದರು. ಅದು ಇರಿಯಿತು.

ಅದಕ್ಕೇ ಬೆಳಗ್ಗೆ ಚಿಕ್ಕಮ್ಮನಿಗೆ ಫೋನು ಮಾಡಿದೆ. ನೀನು ಸ್ನಾನಕ್ಕೆ ಹೋಗಿರುವ ಹೊತ್ತು ನನಗೆ ಗೊತ್ತು. ಪಾಠಕ್ಕೆ ಈಗ ಎಷ್ಟು ಮಕ್ಕಳು ಬರುತ್ತಾರೆ ಎಂದು ಕೇಳಿದೆ. "ಮಕ್ಕಳಾ? ಬರ್ತಾರೆ. ಬರ್ತಾ ಇದ್ರು. ಈಗ ಪರೀಕ್ಷೆ ಅಲ್ವಾ" ಅಂದಳು. ಶಾಲೆ ಶುರುವಾಗಿ ಎರಡು ವಾರವಾಗಿಲ್ಲ, ಯಾವ ಪರೀಕ್ಷೆ ಚಿಕ್ಕಮ್ಮ ಎಂದೆ. "ಈಗಿನ ಶಾಲೆಗಳು ಹಾಗೇ ಕಣೇ, ಪುಸ್ತಕ ಕೊಡೋಕೆ ಮುಂಚೆನೇ ಪರೀಕ್ಷೆ ಇಡ್ತಾರೆ" ಎಂದು ಬೆಕ್ಕಿನ ಕಥೆಗೆ ಹಾರಿದಳು. ಅಮ್ಮ ಬೆಳಗ್ಗೆ ಏನು ನುಡಿಸುತ್ತಾಳೆ ಎಂದು ಬಿಡದೆ ಕೇಳಿದರೆ, "ನನಗೆ ರಾಗ ಗೀಗ ಏನ್ ಗೊತ್ತು? ಚೆನ್ನಾಗಿರುತ್ತೆ, ಅಷ್ಟೇ. ಕೇಳಿದ್ರೆ ಮನೆಯಲ್ಲಿ ಯಾರೋ ಬಾಗಿಲು ತೆಗೆದಿಟ್ಟು ಹೋದ ಹಾಗಿರುತ್ತೆ" ಅಂದಳು.

ಅಂದರೆ ಪಾಠಕ್ಕೆ ಮಕ್ಕಳೇ ಬರುತ್ತಿಲ್ಲ. ಹಾಗಾದರೆ ಇರುವ ಶಿಷ್ಯೆ ಒಬ್ಬರೇ. ನನ್ನ ಅನುಮಾನಕ್ಕೆ ಇನ್ನೊಂದು ಕಾಲು ಸಿಕ್ಕಿತು.

ಚಿಕ್ಕಮ್ಮನ ಬಾಗಿಲಿನ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಮೇಣ ಕಾಯಿಸಿ, ಇದ್ದಿಲ ಪುಡಿ ಕಲೆಸಿ, ದಂಡಿಯ ಎರಡು ಅಂಚಿಗೂ ಹಾಕಿಯಾಗಿತ್ತು. ಕೆಳಗಿನ ಸೈಕಲ್ ಅಂಗಡಿಯವನು ಒಂದರಿಂದ ಎರಡರವರೆಗೆ ಊಟಕ್ಕೆ ಹೋಗುತ್ತಾನೆ. ಈ ಬೀದಿಯಲ್ಲಿ ಸುತ್ತಿಗೆ ಸದ್ದಿಲ್ಲದ ಗಂಟೆ ಅದೊಂದೇ, ಮೇಳ ಕಟ್ಟುವ, ಅಂದರೆ ಮೆಟ್ಟಿಲನ್ನು ಸ್ವರಕ್ಕೆ ಕೂರಿಸುವ ನನ್ನ ಕೆಲಸವೆಲ್ಲ ಅದರಲ್ಲೇ ನಡೆಯಬೇಕು. ಒಂದು, ನಾಲ್ಕು, ಏಳು, ಎಂಟು, ಹನ್ನೆರಡು. ಈ ಐದನ್ನು ಮೊದಲು ಕೂರಿಸಿ, ನೀನು ಯಾರಿಗೋ ಕೊಟ್ಟುಬಿಟ್ಟ ರಾಗದಲ್ಲಿ ಏನಿದೆ ನೋಡೋಣ ಎಂದು ನುಡಿಸಿ ನೋಡಿದೆ. ಇದೇ ಮೊದಲ ಸಲ. ಕೈಗೆ ಹೊಸದು, ತಪ್ಪಿದ್ದರೆ ಮನ್ನಿಸು.

ಕಛೇರಿಗಳಲ್ಲಿ ಇದನ್ನು ನಾನು ಮೂರು ಸಲ ಕೇಳಿದ್ದೇನೆ. ಮೂರು ಸಲವೂ ಐದಾರು ನಿಮಿಷದಲ್ಲಿ ಮುಗಿಸಿ, ಊಟದ ಮುಂಚೆ ನೀರು ಕುಡಿದವರ ಹಾಗೆ ದೊಡ್ಡ ರಾಗಕ್ಕೆ ಹೋದರು. ಐದು ಸ್ವರದಲ್ಲಿ ಎಷ್ಟು ಹೊತ್ತು ಓಡಾಡುವುದು ಎಂಬ ಭಯ ಇರಬೇಕು. ನನಗೂ ಹಾಗೇ ಅನ್ನಿಸುತ್ತಿತ್ತು. ಆದರೆ ನಿಧಾನಕ್ಕೆ ಹೋದರೆ ಬೇರೆ. ಗಾಂಧಾರದಿಂದ ಪಂಚಮಕ್ಕೆ ಹೋಗುವಾಗ ನಡುವೆ ಒಂದು ಮೆಟ್ಟಿಲು ಇಲ್ಲ. ಕತ್ತಲಲ್ಲಿ ಇಳಿಯುವಾಗ ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಇಟ್ಟ ಕಾಲು ನೆಲಕ್ಕೇ ಸಿಗುತ್ತದಲ್ಲ, ಹಾಗೆ. ಮೈ ಒಮ್ಮೆ ಜುಂ ಎನ್ನುತ್ತದೆ, ಆಮೇಲೆ ನೆಲ ಗಟ್ಟಿಯಿದೆ ಎಂದು ಗೊತ್ತಾಗುತ್ತದೆ. ಧೈವತದಿಂದ ಷಡ್ಜಕ್ಕೂ ಅಷ್ಟೆ. ಬೇರೆ ರಾಗಗಳಲ್ಲಿ ನಿಷಾದ ನಮ್ಮ ಕೈ ಹಿಡಿದು ಷಡ್ಜದ ಮನೆಗೆ ಬಿಟ್ಟು ಬರುತ್ತದೆ. ಇಲ್ಲಿ ಕೈ ಹಿಡಿಯುವವರಿಲ್ಲ. ಒಬ್ಬರೇ ದಾಟಬೇಕು. ಆದ್ದರಿಂದ ಷಡ್ಜ ತಲುಪಿದಾಗ ಅದು ತಾನಾಗಿ ಬಂದದ್ದಲ್ಲ, ನಾವು ಹೋಗಿ ಮುಟ್ಟಿದ್ದು ಅನ್ನಿಸುತ್ತದೆ.

ಖಾಲಿ ಜಾಗ ಬಿಡೋಕೆ ಬರಬೇಕು ಎಂದು ನೀನು ಹೇಳಿದ್ದು ಇದನ್ನೇ ಇರಬೇಕು. ಎಲ್ಲ ಸ್ವರಗಳೂ ಸರಳೆಯವೇ, ಮಕ್ಕಳು ಮೊದಲ ದಿನ ಕಲಿಯುವವು. ಅದರಿಂದ ಎರಡನ್ನು ತೆಗೆದ ಮಾತ್ರಕ್ಕೆ ಪಾಠವಾಗಿದ್ದದ್ದು ರಾಗವಾಗುತ್ತದೆ. ಇಂಥದ್ದನ್ನು ಇಟ್ಟಿರುತ್ತೇನೆ ಎಂದು ಒಬ್ಬಳಿಗೆ ಹೇಳಿ, ಇನ್ನೊಬ್ಬಳಿಗೆ ಹೇಗೆ ಕೊಟ್ಟೆ?

ಎರಡಾಯಿತು. ಕೆಳಗೆ ಸುತ್ತಿಗೆ ಶುರುವಾಯಿತು.

ಗುರುವಾರ, ಬೆಳಗ್ಗೆ

ನಿನ್ನೆ ಏನೂ ಬರೆಯಲಿಲ್ಲ. ಬರೆಯುವ ಹಾಗಿರಲಿಲ್ಲ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಬುಧವಾರ ಬೆಳಗ್ಗೆ ಈ ಕಾಗದದ ಜೊತೆ ಸಾಕ್ಷಿಯನ್ನೂ ಕಳಿಸಬೇಕೆಂದು ಯೋಚನೆ ಮಾಡಿದೆ. ನಾಲ್ಕನೇ ಮತ್ತು ಐದನೇ ಮೆಟ್ಟಿಲನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿದರೆ, ಒಂದು ಸವೆದದ್ದು, ಒಂದು ಸವೆಯದ್ದು, ನೀನು ಬಾಯಿ ತೆರೆಯುವ ಹಾಗಿರುವುದಿಲ್ಲ. ಅದರ ಜೊತೆಗೆ ಹಳೆಯವನ್ನೂ ಇಟ್ಟರೆ ಇನ್ನೂ ಚೆನ್ನ. ಮೊದಲು ಎಲ್ಲ ರಾಗ ನುಡಿಸುತ್ತಿದ್ದವಳು ಈಗ ಒಂದನ್ನೇ ಹಿಡಿದಿದ್ದೀಯ ಎಂದು ತೋರಿಸಬಹುದು. ಅಪ್ಪ ಯಾರ ಹಳೆಯ ಮೆಟ್ಟಿಲನ್ನೂ ಎಸೆದವರಲ್ಲ, ನಾನೂ ಎಸೆಯುವುದಿಲ್ಲ. ಅಟ್ಟದ ಬಿಸ್ಕತ್ತಿನ ಡಬ್ಬಿಯಿಂದ ನಿನ್ನ ಹೆಸರಿನ ಕಟ್ಟು ತೆಗೆದೆ. ಎರಡು ವರ್ಷದ ಹಿಂದೆ ನಾನೇ ದಾರ ಸುತ್ತಿ ಇಟ್ಟದ್ದು.

ಮಂಗಳವಾರ ಕೂರಿಸಿದ ಐದನ್ನೂ ಹಸಿ ಮೇಣದಿಂದ ಮತ್ತೆ ಕಿತ್ತು, ಎಲ್ಲವನ್ನೂ ಕಿಟಕಿಯ ಹತ್ತಿರ ಬಿಳಿ ಕಾಗದದ ಮೇಲೆ ಜೋಡಿಸಿದೆ. ಮೇಲಿನ ಸಾಲು ಹಳೆಯವು, ಕೆಳಗಿನ ಸಾಲು ಹೊಸವು.

ಮೇಲಿನ ಸಾಲಿನಲ್ಲಿ ಎಲ್ಲವೂ ಬೀಸಣಿಗೆಗಳು. ರಿಷಭ, ಗಾಂಧಾರ, ಮಧ್ಯಮ, ಯಾವುದನ್ನು ನೋಡಿದರೂ ಒಂದು ತುದಿಯಿಂದ ಅರ್ಧದವರೆಗೆ ಉಜ್ಜಿದ ಅಗಲ ಗುರುತು. ಒಂದೇ ಮೆಟ್ಟಿಲಲ್ಲಿ ಕೂತು ಮೂರು ಸ್ವರ ಎಳೆಯುತ್ತಿದ್ದ ಕೈ ಅದು. ಆ ಕೈಯನ್ನು ನೋಡಲೆಂದೇ ಜನ ಮುಂದಿನ ಸಾಲಿಗೆ ಬಂದು ಕೂರುತ್ತಿದ್ದರು.

ಕೆಳಗಿನ ಸಾಲಿನಲ್ಲಿ ಗೆರೆಗಳು. ಸೂಜಿಯಿಂದ ಎಳೆದ ಹಾಗೆ, ಸವೆದ ಪ್ರತಿಯೊಂದರ ಮೇಲೂ ಒಂದೇ ನೇರ ಗೆರೆ. ಬೀಸಣಿಗೆ ಒಂದರ ಮೇಲೂ ಇಲ್ಲ.

ಸೋಮವಾರ ನಾನು ಇದನ್ನು ಕಂಡಿದ್ದೆ. ಕಂಡು ಬರೆದಿದ್ದೇನೆ ಸಹ, ಹಿಂದಿನ ಹಾಳೆ ನೋಡು. ಎಂಟನೇ ಮೆಟ್ಟಿಲಲ್ಲಿ ಬೀಸಣಿಗೆ ಇಲ್ಲ, ಆದ್ದರಿಂದ ಬೌಳಿ ಅಲ್ಲ ಎಂದು ಜಾಣತನ ತೋರಿಸಿ ಮುಂದೆ ಹೋದೆ. ಎಲ್ಲಿ ಸವೆದಿದೆ ಎಂದು ನೋಡಿದೆನೇ ಹೊರತು ಹೇಗೆ ಸವೆದಿದೆ ಎಂದು ನೋಡಲಿಲ್ಲ. ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಎಂದು ಅಪ್ಪ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಅವರ ಭೂತಗನ್ನಡಿಯನ್ನೇ ಹಿಡಿದುಕೊಂಡು ಈ ತಪ್ಪು ಮಾಡಿದೆ.

ನೀನು ತಂತಿ ಎಳೆದು ಎರಡು ವರ್ಷವಾಗಿದೆ ಅಮ್ಮ. ಒಂದೇ ಒಂದು ಸಲವೂ ಎಳೆದಿಲ್ಲ. "ತಂತಿ ಹಿಡೀತಿದೆ, ಮೆಟ್ಟಿಲು ಸರಿಯಿಲ್ಲ" ಎಂದೆಯಲ್ಲ, ಹಿಡಿಯುತ್ತಿದ್ದದ್ದು ಮೆಟ್ಟಿಲಲ್ಲ.

ಚಿಕ್ಕಮ್ಮನಿಗೆ ಮತ್ತೆ ಫೋನು ಮಾಡಿದೆ. ಬೆಕ್ಕಿನ ಮಾತು ಎತ್ತಲು ಬಿಡಲಿಲ್ಲ. ಅಮ್ಮನ ಎಡಗೈಗೆ ಏನಾಗಿದೆ ಎಂದು ನೇರವಾಗಿ ಕೇಳಿದೆ. ಆ ಕಡೆಯಿಂದ ಅಳು. "ಯಾರ ಹತ್ರ ಹೇಳಿದ್ರೂ ಸರಿ, ಅವಳ ಹತ್ರ ಹೇಳ್ಬೇಡ ಅಂತ ಆಣೆ ಹಾಕ್ಸಿದ್ದಾಳೆ. ನಾನು ಹೇಳಲಿಲ್ಲ, ನೀನೇ ಕಂಡುಹಿಡಿದೆ, ಅಲ್ವಾ? ಹಾಗಾದ್ರೆ ಆಣೆ ಮುರಿದಂತೆ ಆಗಲ್ಲ" ಎಂದು ತಾನೇ ತೀರ್ಪು ಕೊಟ್ಟುಕೊಂಡು ಎಲ್ಲ ಹೇಳಿದಳು. ಅವಳನ್ನು ಬಯ್ಯಬೇಡ.

ನಡುಬೆರಳು, ಉಂಗುರದ ಬೆರಳು ಎರಡೂ ಮಾತು ಕೇಳುವುದಿಲ್ಲ. ಲೋಟ ಜಾರುತ್ತದೆ. ಗಂಟು ಹಾಕಲು ಬರುವುದಿಲ್ಲ. ಕುತ್ತಿಗೆಯಲ್ಲಿ ನರ ಒತ್ತಿದೆ, ಕೈ ಬಂದಷ್ಟು ಬರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಲೋಟ ಬಿದ್ದದ್ದನ್ನು ಮೊದಲು ಗಮನಿಸಿ, ನಿನ್ನನ್ನು ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಹಲ್ಲಿನ ಡಾಕ್ಟರು. "ರಾಗ ಕಲಿಯೋಕೆ ಬರ್ತಾಳೆ ಅಂದ್ಕೊಂಡಿದ್ಯಾ? ರಬ್ಬರ್ ಚೆಂಡು ಹಿಂಡ್ಸೋಕೆ ಬರೋದು ಅವಳು, ವಾರಕ್ಕೆ ಮೂರು ದಿನ. ನಿಮ್ಮಮ್ಮ ಅವಳನ್ನ ಬಯ್ಕೊಂಡೇ ಹಿಂಡ್ತಾಳೆ. ಇದೇನು ನಿಂಬೆಹಣ್ಣಾ, ರಸ ಬರುತ್ತಾ ಅಂತಾಳೆ" ಎಂದು ಚಿಕ್ಕಮ್ಮ ಅಳುತ್ತಲೇ ನಕ್ಕಳು. ಎಳೆದು ತೋರಿಸಲಾಗದ ಮೇಲೆ ಮಕ್ಕಳಿಗೆ ಹೇಳಿಕೊಡುವುದು ಮೋಸ ಎಂದು ಪಾಠ ನಿಲ್ಲಿಸಿದೆಯಂತೆ.

ರಾಗದ ವಿಷಯವನ್ನೂ ಕೇಳಿದೆ. ಗೊತ್ತಿಲ್ಲ ಗೊತ್ತಿಲ್ಲ ಎನ್ನುವವಳು ಎಲ್ಲವನ್ನೂ ನೋಡಿಟ್ಟುಕೊಂಡಿದ್ದಾಳೆ. ಉಳಿದ ಒಂದು ಬೆರಳಲ್ಲಿ ಮೊದಲು ಮಾಯಾಮಾಳವಗೌಳವನ್ನೇ ನುಡಿಸಿದೆಯಂತೆ. ಅರ್ಧಕ್ಕೆ ನಿಲ್ಲಿಸಿ, "ಮೊದಲನೇ ಪಾಠದ ಮಗು ನುಡಿಸಿದ ಹಾಗಿದೆ" ಎಂದು ವೀಣೆ ಪಕ್ಕಕ್ಕಿಟ್ಟೆ. ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೇ ದಿನ ಬೆಳಗ್ಗೆ ಎದ್ದು, ಎರಡು ಸ್ವರ ಬಿಟ್ಟು ನುಡಿಸಿದೆ. ಅವತ್ತಿನಿಂದ ದಿನವೂ ಅದೇ.

ಎಳೆಯದೆ, ಅಲುಗಿಸದೆ, ಒಂದೇ ಬೆರಳಿನಿಂದ ಒತ್ತಿದರೂ ಕುಂದಾಗದ ರಾಗ ಅದು ಎಂದು ನಿನಗೆ ಗೊತ್ತಿತ್ತು. ನೂರಾರು ರಾಗ ಗೊತ್ತಿದ್ದವಳು ಹುಡುಕಿ ಅದೊಂದನ್ನು ಉಳಿಸಿಕೊಂಡೆ. ನಾನು ಅದನ್ನು ಕಳ್ಳತನ ಎಂದು ಓದಿದೆ.

ಇನ್ನೊಂದು ಮಾತನ್ನೂ ಚಿಕ್ಕಮ್ಮ ಹೇಳಿದಳು. ವೀಣೆ ರಿಪೇರಿಗೆ ಬಂದದ್ದಲ್ಲವಂತೆ. "ಸರಿಮಾಡಿ ಅವಳೇ ಇಟ್ಕೊಳ್ಳಲಿ, ವಾಪಸ್ ಕೇಳಲ್ಲ" ಎಂದು ಕಳಿಸಿದೆಯಂತೆ. ನನಗಾಗಿ ಅಲ್ಲ ಎಂದರೆ ಯಾರಿಗಾಗಿ ಎಂದು ಸೋಮವಾರ ಕೇಳಿದ್ದೆನಲ್ಲ. ಉತ್ತರ ಸಿಕ್ಕಿತು. ಒಪ್ಪಿಗೆಯಾಗಲಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ವೀಣೆಗೂ ಒಂದು ಸೀಟು ಹೇಳ್ತೀನಿ ಎಂದು ನಿನ್ನ ಅಳಿಯ ಹೇಳಿದ್ದಾರೆ, ತಾವು ಬರುವುದನ್ನು ಬಿಟ್ಟು ತಮ್ಮ ಸೀಟನ್ನೇ ಅದಕ್ಕೆ ಕೊಟ್ಟಿದ್ದಾರೆ. ತಂತಿಗಳನ್ನು ಹೊರುವ ಕುದುರೆಯನ್ನು ಒಂದಿಷ್ಟು ಉಜ್ಜಿ ತಗ್ಗಿಸಿದ್ದೇನೆ, ತಂತಿ ಮೆಟ್ಟಿಲಿಗೆ ಹತ್ತಿರ ಬಂದಿದೆ. ನುಡಿಸುವ ಮೊದಲ ತಂತಿ ಸಾರಣೆಗೆ ಸಣ್ಣ ಎಳೆ ಹಾಕಿದ್ದೇನೆ. ಒಂದು ಬೆರಳು ಮೆತ್ತಗೆ ಒತ್ತಿದರೂ ಸಾಕು. ನಾದ ಸ್ವಲ್ಪ ತೆಳುವಾಗುತ್ತದೆ. ಆ ರಾಗಕ್ಕೆ ಅಷ್ಟು ಸಾಕು ಎಂದು ನನ್ನ ಕಿವಿಗೆ ತೋರಿತು, ನಿನ್ನ ಕಿವಿ ಏನನ್ನುತ್ತದೋ ನೋಡು. ಮೇಣ ಆರಲು ಇನ್ನೂ ಎರಡು ದಿನ ಬೇಕು.

ಹಲ್ಲಿನ ಡಾಕ್ಟರಿಗೆ ನಾನು ಬರುವ ವಿಷಯ ತಿಳಿಸು. ಅವರ ಕುರ್ಚಿಯಲ್ಲಿ ಕೂತು ಒಂದು ಹಲ್ಲು ತೋರಿಸಿಕೊಳ್ಳುತ್ತೇನೆ. ಕ್ಷಮೆ ಕೇಳಲು ಬಾಯಿ ತೆರೆಯುವುದಕ್ಕಿಂತ ಅದಕ್ಕೆ ತೆರೆಯುವುದು ಸುಲಭ.

ಸೋಮವಾರ, ಮಂಗಳವಾರದ ಹಾಳೆಗಳನ್ನು ಹರಿಯಬೇಕೆಂದು ಎರಡು ಸಲ ಕೈ ಹೋಯಿತು. ಹರಿಯಲಿಲ್ಲ. ನೀನು ನನ್ನಿಂದ ಎರಡು ವರ್ಷ ಮುಚ್ಚಿಟ್ಟದ್ದಕ್ಕೆ ನಾನು ಎರಡು ದಿನ ಅನುಮಾನಪಟ್ಟದ್ದು ಪೂರ್ತಿ ತಪ್ಪಲ್ಲ. ಓದಿ ಬಯ್ಯಿ. ಬಯ್ದ ಮೇಲೆ ಹೇಳಿಕೊಡು.

ಈಗ ಕ್ಷೇಮ ಸಮಾಚಾರ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀನು ಚೆನ್ನಾಗಿದ್ದೀಯ ಎಂದು ಮಾತ್ರ ಇನ್ನು ಮುಂದೆ ಸುಮ್ಮನೆ ಬರೆಯಬೇಡ.

ನಿನ್ನ ಮಗಳು,
ಮೇಣದ ಕೈ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಹದಿನಾರರ ನಂತರ ಒಂದು ಸಾಲೂ ನುಡಿಸಿಲ್ಲ ಎಂದು ಸೋಮವಾರ ಬರೆದದ್ದು ಸುಳ್ಳು. ಮಂಗಳವಾರ ನುಡಿಸಿದ್ದು ಮೊದಲ ಸಲವೂ ಅಲ್ಲ. ಬಾಗಿಲ ಹಿಂದೆ ನಿಂತಿದ್ದ ಆ ಬೆಳಗ್ಗೆ ನೀನು ಕೈ ಇಟ್ಟು ನಿಲ್ಲಿಸುವ ಮುಂಚೆ ಕೃತಿಯ ಮೊದಲ ಸಾಲು ನನ್ನ ಕಿವಿಗೆ ಬಿದ್ದುಹೋಗಿತ್ತು. ಇಪ್ಪತ್ತೈದು ವರ್ಷದಿಂದ ಈ ಕೋಣೆಗೆ ಬಂದ ಪ್ರತಿ ವೀಣೆಗೂ ಮೇಳ ಕಟ್ಟಿದ ಮೇಲೆ, ಒಂದರಿಂದ ಎರಡರ ನಡುವೆ, ಪರೀಕ್ಷೆಗೆಂದು ನುಡಿಸುವುದು ಆ ಸಾಲನ್ನೇ. ಅದರಲ್ಲಿ ಮಧ್ಯಮವಿಲ್ಲ, ನಿಷಾದವಿಲ್ಲ. ನನ್ನ ಆ ಎರಡು ಮೆಟ್ಟಿಲು ಯಾಕೆ ಯಾವಾಗಲೂ ತಗ್ಗು ಎಂಬುದಕ್ಕೆ ಕಾರಣ ಅದು, ಅವನ್ನು ನಾನು ಎಂದೂ ಸರಿಯಾಗಿ ಕೇಳಿಯೇ ಇಲ್ಲ. ಈ ಸಲ ನಿನ್ನ ಚೀಟಿಯನ್ನು ಎದುರಿಗಿಟ್ಟುಕೊಂಡು ಎರಡನ್ನೂ ಕೇಳಿ ಕೂರಿಸಿದ್ದೇನೆ. ಎರಡನೇ ಸಾಲು ನನಗೆ ಗೊತ್ತಿಲ್ಲ.